ಬದುವಿನ ಮಹಾಗನಿ

ಅರಣ್ಯ ಕೃಷಿ ಶಿಬಿರದ ಅಧಿಕಾರಿ ಮರದ ಸುತ್ತಳತೆ ತೋರಿಸಲು ಟೇಪಿನ ಒಂದು ತುದಿಯನ್ನು ದೊಡ್ಡ ಸೊಸೆಗೂ ಇನ್ನೊಂದನ್ನು ಚಿಕ್ಕ ಸೊಸೆಗೂ ಕೊಟ್ಟುಬಿಟ್ಟರು. ಹೊಲ ಪಾಲಾದ ಮೇಲೆ ಓರಗಿತ್ತಿಯರಿಗೆ ಮಾತಿಲ್ಲವೆಂದು ಅವರಿಗೇನು ಗೊತ್ತು? ಬದುವಿನ ಆ ಮಹಾಗನಿ ದೊಡ್ಡವಳ ಪಾಲಿಗೆ ಬಂದಿತ್ತು, ನೆರಳು ಮಾತ್ರ ಚಿಕ್ಕವಳ ಕೊಟ್ಟಿಗೆಯ ಮೇಲೆ ಬೀಳುತ್ತಿತ್ತು. ಆ ಹೊಟ್ಟೆಕಿಚ್ಚಿಗೇ ದೊಡ್ಡವಳು ನಾಳೆ ಅದನ್ನು ಕಡಿಸುವವಳಿದ್ದಳು.

ಚಿಕ್ಕವಳ ಕೈಯಿಂದ ಟೇಪು ಜಾರಿತು.

"ಗಟ್ಟಿಯಾಗಿ ಹಿಡ್ಕೊಳೇ! ಊಟ ಮಾಡಿಲ್ವಾ?" ದೊಡ್ಡವಳು ಗದರಿದಳು.

"ಏನಂತ ಹಿಡ್ಕೊಳ್ಳಲಿ ಅಕ್ಕಾ, ನಾಳೆ ಇದು ಇರಲ್ವಲ್ಲ," ಎನ್ನುತ್ತ ಚಿಕ್ಕವಳು ಹಸುವಿನ ಮೈ ಸವರುವಂತೆ ತೊಗಟೆ ಸವರಿದಳು.

ದೊಡ್ಡವಳು ಆ ಕೈಯನ್ನೇ ನೋಡುತ್ತ ನಿಂತಳು.

"ನಾಳೆನೇ ಕಡಿಸ್ತೀರೇನಮ್ಮಾ?" ಅಧಿಕಾರಿ ಕೇಳಿದರು.

"ಮರ ಇನ್ನೂ ದಪ್ಪ ಆಗ್ಬೇಕು ಅಂತ ಬೆಳಗ್ಗೆ ಭಾಷಣದಲ್ಲಿ ನೀವೇ ಬಡ್ಕೊಂಡ್ರಲ್ಲ ಸಾರ್! ಈಗ್ಲೇ ಯಾಕೆ ಕಡಿಸ್ಲಿ?" ಎಂದು ದೊಡ್ಡವಳು ಅವರ ಮೇಲೆ ರೇಗಿದಳು.