ಮೂರು ದಿನದ ಬಿಸಿಲು

ಬೆಳಿಗ್ಗೆ ಹತ್ತು ಗಂಟೆ. ಹದಿನೈದರ ಈರಕ್ಕ ಮುಟ್ಟಾಗಿದ್ದೇನೆಂದು ಹೇಳಿ ಊರಾಚೆಯ ಗುಡಿಸಲು ಸೇರಿ ಎರಡು ಗಂಟೆಯಾಗಿತ್ತು. ಹಿಂದಿನ ಸಲ ಸೇರಿ ಇನ್ನೂ ಹನ್ನೆರಡು ದಿನ. ಮುದ್ದೆ ತಂದ ತಾಯಿ ಕೆಂಪಕ್ಕ ದೂರದಲ್ಲೇ ನಿಂತಳು. ಮಗಳು ಗುಡಿಸಲ ಮುಂದೆ, ಲಂಗವನ್ನು ಮೊಣಕಾಲಿನ ಮೇಲೆ ಸರಿಸಿ, ಎರಡೂ ಕಾಲನ್ನು ಬಿಸಿಲಿಗೆ ಚಾಚಿ ಕೂತಿದ್ದಳು.

"ನಿಜ ಹೇಳು, ಮುಟ್ಟಾಗಿದ್ದೀಯೇನೇ?"

"ಇಲ್ಲ ಕಣವ್ವ. ಕಾಲಿನ ಮೂಳೆ ನೋಯ್ತದೆ. ದಿನಾ ಬಿಸ್ಲಲ್ಲಿ ಕೂರ್ಸಿ ಅಂತ ಸಿರಾ ಡಾಕ್ಟ್ರು ನಿನ್ ಮುಂದೇನೇ ಹೇಳ್ಲಿಲ್ವಾ? ವರ್ಷ ಆಯ್ತು, ನೀನು ಬಾಗ್ಲು ದಾಟಕ್ಕೇ ಬುಡಲ್ಲ."

"ಡಾಕ್ಟ್ರು ಬಂದು ತಾಳಿ ಕಟ್ತಾರಾ? ಹುಡ್ಗಿ ಬೆಳ್ಳಗವ್ಳೆ ಅಂತ ಬರಗೂರಿನ ಮೇಷ್ಟ್ರು ಒಪ್ಕಂಡವ್ರೆ. ನೀನಿಲ್ಲಿ ಕರ್ರಗಾಗ್ತಾ ಕೂತಿದ್ದೀಯ."

"ಕುಂಟ್ಕಂಡು ಹೋದ್ರೆ ಒಪ್ತಾರಾ?"

"ಮೊಕ ಎಲ್ರಿಗೂ ಕಾಣ್ತದೆ. ಕಾಲು ಸೀರೆ ಒಳಗಿರ್ತದೆ."

ಮೂರು ದಿನ ತುಂಬುವ ಮೊದಲೇ ಮನೆಗೆ ಕರೆದರೆ ಮಗಳ ಸುಳ್ಳು ಊರಿಗೆಲ್ಲ ತಿಳಿಯುತ್ತಿತ್ತು. ಕೆಂಪಕ್ಕ ಮುದ್ದೆಯನ್ನು ಕಲ್ಲಿನ ಮೇಲಿಟ್ಟು ಹೋದಳು. ಹನ್ನೊಂದು ಗಂಟೆಗೆ ತೆಂಗಿನ ಗರಿ ಹೊತ್ತು ಬಂದು ಗುಡಿಸಲ ಮುಂದೆ ಚಪ್ಪರ ಹಾಕಿದಳು. ಮಗಳು ಅದರಾಚೆ ಕಾಲು ಚಾಚದಂತೆ, ಮೂರು ದಿನವೂ ತಾನು ಎದುರಿಗೆ ಬಿಸಿಲಲ್ಲಿ ಕೂತು ಕಾದಳು.