ಜೇನುಬಣ್ಣದ ಎಣ್ಣೆ

ಮಾವ ಇಂಜಿನ್ನಿನಿಂದ ಅಳತೆಕಡ್ಡಿ ಎಳೆದು ಬೆಳಕಿಗೆ ಹಿಡಿದರು. ತುದಿಯಿಂದ ತೊಟ್ಟಿಕ್ಕುತ್ತಿದ್ದ ಎಣ್ಣೆ ಕಾಡಿಗೆಯಷ್ಟು ಕಪ್ಪಗಿತ್ತು.

"ಮುಗೀತು," ಎಂದರು. "ಒಂದೇ ತಿಂಗಳಲ್ಲಿ ನನ್ನ ಇಂಜಿನ್ನಿನ ಮುಖಕ್ಕೆ ಮಸಿ ಬಳಿದೆಯಲ್ಲಮ್ಮ."

ಮಂಡಿನೋವಿನಿಂದ ಮಾವನಿಗೆ ಏಣಿ ಇಳಿಯುವುದು ಕಷ್ಟವಾದ ಮೇಲೆ, ಜನರನ್ನು ಹೊಳೆ ದಾಟಿಸುವ ಮನೆಯ ಲಾಂಚಿನ ಇಂಜಿನ್ ಸೊಸೆಯ ಕೈಗೆ ಬಂದಿತ್ತು. ಮೇಲೆ ಚುಕ್ಕಾಣಿ ಅತ್ತೆಯದು, ಕೆಳಗೆ ಇಂಜಿನ್ ಇವಳದು. ಬಂದವಳೇ ಮೊದಲು ಎಣ್ಣೆ ಬದಲಿಸಿದಳು. ಮಾವ ತಮ್ಮ ಕಾಲದುದ್ದಕ್ಕೂ ಒಂದೇ ಜಾತಿಯ ತಿಳಿ ಎಣ್ಣೆ ಸುರಿದವರು. ಬಣ್ಣ ಚೂರು ಮಾಸಿದರೆ ಬಸಿದು ಹೊಸದು ಹಾಕಿ, ಜೇನು ಇದ್ದ ಹಾಗಿದೆ ನೋಡಿ ಎಂದು ಕಂಡವರಿಗೆಲ್ಲ ತೋರಿಸುತ್ತಿದ್ದರು. ಅವಳು ತಂದದ್ದು ಇಂಜಿನ್ನಿನ ಒಳಗಿನ ಮಸಿ ತೊಳೆಯುವ ಎಣ್ಣೆ. ಅದು ಬಿಡಿಸಿದ ಕೊಳೆ ಫಿಲ್ಟರಿನಲ್ಲಿ ಕಟ್ಟಿಕೊಳ್ಳದಂತೆ ತಿಂಗಳಿಡೀ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಆ ತಿಂಗಳಿಡೀ ಮಾವ ಸೊಸೆ ಎಣ್ಣೆ ಸೀಗೇಕಾಯಿಯಂತಿದ್ದರು.

ಇವತ್ತು ಮಾವ ಒಬ್ಬರೇ ಬಂದಿರಲಿಲ್ಲ. ಜೆಟ್ಟಿಯ ಮೇಲೆ ಅವರ ಪರಿಚಯದ ಮೆಕ್ಯಾನಿಕ್ ಪೆಟ್ಟಿಗೆ ಹಿಡಿದು ನಿಂತಿದ್ದ. ಎಣ್ಣೆ ಬಸಿಯುವುದು, ಇಂಜಿನ್ ಅವನಿಗೆ ಒಪ್ಪಿಸುವುದು, ಸೊಸೆ ಟಿಕೆಟ್ ಹರಿಯಲು ಕೂರುವುದು ಎಂದು ಮಾವ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಅವಳ ಮಾತನ್ನೂ ಒಂದಿಷ್ಟು ಕೇಳಿ ಎಂದಷ್ಟೇ ಹೇಳಿ ಅತ್ತೆ ಚುಕ್ಕಾಣಿಯತ್ತ ನಡೆದಿದ್ದರು.

ಸೊಸೆ ಗೋಡೆಗೆ ಸಿಕ್ಕಿಸಿದ್ದ ಬ್ಲಾಟಿಂಗ್ ಪೇಪರ್ ತೆಗೆದು ಮುಂದೆ ಹಿಡಿದಳು. ಹಿಂದಿನ ದಿನ ಅದರ ಮೇಲೆ ಎರಡು ತೊಟ್ಟು ಬಿಟ್ಟಿದ್ದಳು. ಒಂದು ಮಾವ ಕೊನೆಯ ಸಲ ಬಸಿದಿಟ್ಟಿದ್ದ ಎಣ್ಣೆ, ಇನ್ನೊಂದು ಈಗಿನದು. ಮಾವನ ತೊಟ್ಟಿನ ನಡುವೆ ಗಟ್ಟಿ ಕಪ್ಪು ಚುಕ್ಕೆ, ಸುತ್ತ ತಿಳಿ ಉಂಗುರ. ಅವಳದು ಅಂಚಿನವರೆಗೂ ಒಂದೇ ಬೂದುಬಣ್ಣ.

ಮಾವ ನಕ್ಕರು. "ನೀನೇ ಸಾಕ್ಷಿ ಕೊಟ್ಟೆ ನೋಡು. ನಂದ್ರಲ್ಲಿ ಒಂದು ಚುಕ್ಕೆ. ನಿಂದಕ್ಕೆ ಮೈಯೆಲ್ಲ ಕೊಳೆ."

"ನಿಮ್ಮ ಎಣ್ಣೆ ಕೊಳೆನ ಇದ್ದಲ್ಲೇ ಬಿಟ್ಟು ತಾನು ಮಾತ್ರ ಹರ್ಕೊಂಡು ಹೋಗಿದೆ ಮಾವ. ನಂದು ಹೊತ್ಕೊಂಡು ಹೋಗಿದೆ."

"ಮಾತಲ್ಲಿ ನೀನು ಯಾವತ್ತು ಸೋತಿದ್ದೀಯ?"

"ಹಾಗಾದ್ರೆ ಮಾತು ಬೇಡ. ಒಳಗೆ ಕೈ ಹಾಕಿ ನೋಡಿ."

ರಾತ್ರಿಯೆಲ್ಲ ನಿಂತಿದ್ದ ಇಂಜಿನ್ ತಣ್ಣಗಿತ್ತು. ಅವಳು ಬೋಲ್ಟು ಬಿಚ್ಚಿ ಪಕ್ಕದ ಮುಚ್ಚಳ ಇಳಿಸಿದಳು. ಮಾವ ಹಲ್ಲು ಕಚ್ಚಿ ಮಂಡಿಯೂರಿದರು. ಒಳಗಿನ ಗೋಡೆ ಹೇಗಿದೆಯೆಂದು ಅವರಿಗೆ ನೋಡದೆಯೂ ಗೊತ್ತಿತ್ತು. ತಳ ಹಿಡಿದ ಪಾತ್ರೆಯಂತೆ ಕಂದು ಹಕ್ಕಳೆ, ಉಗುರು ಹಾಕಿದರೂ ಏಳುತ್ತಿರಲಿಲ್ಲ. ಹಳೆಯ ಇಂಜಿನ್ನಿನ ಚರ್ಮವೇ ಹಾಗೆ ಎಂದು ಅವರು ನಂಬಿದ್ದರು.

ಬಟ್ಟೆಯಿಂದ ಒರೆಸಿದರು. ಎಣ್ಣೆಯ ಕೆಳಗೆ ಬರೀ ಕಬ್ಬಿಣ. ಇನ್ನಷ್ಟು ಒಳಕ್ಕೆ ಕೈ ಚಾಚಿದರು. ಬೆರಳಿಗೆ ಏನೋ ಉಬ್ಬು ತಗುಲಿತು. ಇಂಜಿನ್ ಎರಕ ಹೊಯ್ದ ದಿನ ಮೂಡಿದ ಅಂಕಿಗಳು. ಕಣ್ಣು ಮುಚ್ಚಿ ಒಂದೊಂದನ್ನೇ ಸವರಿದರು.

"ಇದು ಇಲ್ಲೇ ಇತ್ತಾ?"

"ಇಲ್ಲೇ ಇತ್ತು ಮಾವ."

ಅವರು ಅಂಕಿಗಳನ್ನು ಇನ್ನೊಮ್ಮೆ ಸವರಿ ಕೈ ಹೊರಗೆ ತೆಗೆದರು. "ಎಣ್ಣೆನ ಚೆನ್ನಾಗಿ ನೋಡ್ಕೊಂಡೆ ಕಣಮ್ಮ," ಎಂದರು ಕಡೆಗೆ. "ಇಂಜಿನ್ನಿಗೆ ಸ್ನಾನಾನೇ ಮಾಡಿಸ್ಲಿಲ್ಲ."

ಹೊರಡೋಣವೆಂದು ಮೇಲಿನಿಂದ ಅತ್ತೆ ಗಂಟೆ ಬಾರಿಸಿದರು. ಸೊಸೆ ಮುಚ್ಚಳ ಬಿಗಿದು ಗುಂಡಿ ಒತ್ತಿದಳು. ಇಂಜಿನ್ ಕೆಮ್ಮಲಿಲ್ಲ, ಕನವರಿಸಲಿಲ್ಲ. ಹೆಸರು ಹಿಡಿದು ಕರೆದ ಹಾಗೆ ಎದ್ದು ಕೂತಿತು. ಕಾಲಡಿಯ ಹಲಗೆ ಹಿತವಾಗಿ ನಡುಗಿತು. ಅವಳ ತುಟಿಯಂಚಿಗೆ ನಗು ಬಂತು, ತಡೆದುಕೊಳ್ಳಲಿಲ್ಲ.

ಮಾವ ಏಣಿ ಹತ್ತಿ ಹೊರಬಂದಾಗ ಮೆಕ್ಯಾನಿಕ್ ಎದುರಾದ. ಎಣ್ಣೆ ಬಸಿಯೋದು ಈಗಲೋ, ಸಂಜೆಗೋ ಎಂದು ಕೇಳಿದ.

"ಆಚೆ ದಡಕ್ಕೆ ಬರೋದಾದ್ರೆ ಟಿಕೆಟ್ ತಗೊಂಡು ಹತ್ತಪ್ಪ," ಎಂದರು ಮಾವ.

"ಟಿಕೆಟ್ ಕೊಡೋರು ಯಾರು?"

ಮಾವ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಕಟ್ಟಿನಿಂದ ಒಂದು ಟಿಕೆಟ್ ಹರಿದು ಅವನತ್ತ ಚಾಚಿದರು. ಅದರ ಮೇಲೆ ಅವರ ಹೆಬ್ಬೆರಳ ಗೆರೆಗಳು ಕಪ್ಪಗೆ, ಒಂದೂ ಬಿಡದೆ ಮೂಡಿದ್ದವು.