ನೀರು ಕುಡಿದ ಗಾಡಿ

"ಇಳಿಜಾರಲ್ಲಿ ಗಾಡಿ ಬಿಟ್ಟು ಗೇರ್ ಹಾಕಿದ್ರಿ ತಾನೆ? ಬಾಯಿ ಬಿಡಿ!" ಮೆಕ್ಯಾನಿಕ್, ಬೈಕಿನ ಎಂಜಿನ್ನಿಂದ ಬಿಚ್ಚಿದ, ಬಾಗಿಹೋದ ಕನೆಕ್ಟಿಂಗ್ ರಾಡನ್ನು ಟೈಲರನ ಮೂಗಿನ ಮುಂದೆ ಹಿಡಿದ.

"ಸ್ಟಾರ್ಟ್ ಆಗ್ಲಿಲ್ಲ ಅಂತ..." ಟೈಲರ್ ತಲೆ ತಗ್ಗಿಸಿದ.

"ನೆರೆ ನೀರು ಕುಡಿದ ಗಾಡಿ ಸ್ವಾಮೀ! ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ಹೊಟ್ಟೆಯೊಳಗಿನ ನೀರು ಕಕ್ಕಿಸಬೇಕು. ಇಲ್ಲಾಂದ್ರೆ ಪಿಸ್ಟನ್ ಮೇಲೆ ಬಂದಾಗ ನೀರು ಜಾಗ ಬಿಡಲ್ಲ, ರಾಡೇ ಬಾಗುತ್ತೆ. ಬುದ್ಧಿ ಇರೋರು ಮಾಡೋ ಕೆಲಸವಾ ಇದು?"

ಮೆಕ್ಯಾನಿಕ್‌ನ ಬಾಯಿ ಜೋರಾಗಿಯೇ ಇತ್ತು, ಕಣ್ಣು ಮಾತ್ರ ಮತ್ತೆ ಮತ್ತೆ ಮೇಜಿನ ಕಡೆ ಹೋಗುತ್ತಿತ್ತು. ಏಕೆಂದರೆ ಅಲ್ಲಿ, ಗ್ರೀಸ್ ಬಟ್ಟೆಯ ಅಡಿಯಲ್ಲಿ, ಇಷ್ಟೇ ಅಂದವಾಗಿ ಬಾಗಿದ ಇನ್ನೊಂದು ರಾಡ್ ಮಲಗಿತ್ತು. ಅದು ಅವನ ಹೆಂಡತಿಯ ಬೈಕಿನದು. ಆಕೆ ನರ್ಸ್, ತನ್ನ ಸಂಬಳದಲ್ಲಿ ಕೊಂಡ ಬೈಕನ್ನು ಗಂಡನಿಗೂ ಮುಟ್ಟಗೊಡದವಳು. ಮನೆ ಮುಂದೆ ನಿಂತ ನೀರು ಇಳಿದ ಮೇಲೆ, "ಊರಿಗೆಲ್ಲ ಹೇಳೋ ಹಾಗೆ ನೀವೂ ಮೊದಲು ಪ್ಲಗ್ ಬಿಚ್ಚಿ" ಎಂದು ಹೇಳಿಯೇ ಕೀ ಕೊಟ್ಟಿದ್ದಳು. ಒಳಗೆ ಹೋಗಿ ಸ್ಪ್ಯಾನರ್ ತರಲು ಇವನಿಗೆ ಸೋಮಾರಿತನ. ಎದುರಿಗೇ ಇಳಿಜಾರು. ಬುದ್ಧಿ ಮೇಯಲು ಹೋಗಿತ್ತು, ಗೇರ್ ಹಾಕಿಬಿಟ್ಟ. ಒಳಗೆ ಏನೋ ಕಟ್ ಎಂದಿತು.

ಅವಳ ಬಾಯಿಗೆ ಸಿಕ್ಕುವುದಕ್ಕಿಂತ ಇನ್ನೊಂದು ನೆರೆ ಬಂದರೂ ವಾಸಿ ಎಂದುಕೊಂಡ ಅವನು, ಅವಳಿಗೆ ತಿಳಿಯುವ ಮೊದಲೇ ಹೊಸ ರಾಡ್ ಕೂರಿಸಿಬಿಡುವ ಯೋಚನೆಯಲ್ಲಿದ್ದ.

ಅಷ್ಟರಲ್ಲಿ ಡ್ಯೂಟಿ ಮುಗಿಸಿ, ಯೂನಿಫಾರಂನಲ್ಲೇ ಆಕೆ ಬಾಗಿಲಲ್ಲಿ ಹಾಜರು. ಮೆಕ್ಯಾನಿಕ್ ಗಾಬರಿಯಲ್ಲಿ ಕೈಯಲ್ಲಿದ್ದ ರಾಡನ್ನು ಮೇಜಿನ ಮೇಲೆ ಹಾಕಿ, ಕೈ ಒರೆಸಿಕೊಳ್ಳಲು ಆ ಗ್ರೀಸ್ ಬಟ್ಟೆಯನ್ನೇ ಎಳೆದ.

"ಇದ್ಯಾವ ಪುಣ್ಯಾತ್ಮನ ಕೆಲಸ?" ಆಕೆ ಎರಡೂ ರಾಡ್‌ಗಳನ್ನು ಎತ್ತಿಕೊಂಡಳು.

ಮೆಕ್ಯಾನಿಕ್ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಟೈಲರ್ ಒಮ್ಮೆ ರಾಡ್‌ಗಳನ್ನು ನೋಡಿದ, ಒಮ್ಮೆ ಅವನ ಮುಖವನ್ನು ನೋಡಿದ. ಟೈಲರನಿಗೂ ಮನೆಯಲ್ಲಿ ಹೆಂಡತಿ ಇದ್ದಳು.

"ನಂದೇ ಅಕ್ಕಾ," ಎಂದ ಎದೆ ಮುಂದೆ ಮಾಡಿ. "ಎರಡೂ ನಂದೇ. ತಲೆಯಿಲ್ಲದೆ ಇಳಿಜಾರಲ್ಲಿ ಬಿಟ್ಟೆ. ಈಗಷ್ಟೇ ಇವರು ಚೆನ್ನಾಗಿ ಉಗಿದ್ರು."

ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡ.

"ನಮ್ಮಂಥವರ ಬೈಕಿಗೆ ಇರೋದು ಒಂದೇ ರಾಡ್ ಅಂತ, ಮದುವೆಯಾದ ಹೊಸದರಲ್ಲಿ ಇವರೇ ನಂಗೆ ಪಾಠ ಮಾಡಿದ್ದು," ಎಂದಳು ಆಕೆ. ಸ್ಟೂಲ್ ಎಳೆದುಕೊಂಡು ಕೂತು, ಕಾಲ ಮೇಲೆ ಕಾಲು ಹಾಕಿದಳು.

"ಇವರು ನಿಮಗೆ ಉಗಿದ್ರಲ್ಲ ಅಣ್ಣಾ, ಒಂದಕ್ಷರ ಬಿಡದೆ ಅದನ್ನೇ ಈಗ ಇವರಿಗೆ ಹೇಳಿ. ನಾನು ಕೇಳ್ತೀನಿ."